ಮೇಲಿನ ತಂತಿ, ಕೆಳಗಿನ ತಂತಿ

"ಬುದ್ಧಿ, ಒಂದೇ ಮಾತು. ಇಬ್ಬರಿಗೆ ಆಡಿದೆ. ಒಬ್ಬ ನಕ್ಕ, ಇನ್ನೊಬ್ಬ ಮುಖ ತಿರುಗಿಸಿಕೊಂಡು ಹೋದ. ಮಾತು ಒಂದೇ ಆದ ಮೇಲೆ ತಪ್ಪು ಆಡಿದವನದೋ, ಕೇಳಿದವನದೋ?"

ಕೇಳಿದವನು ದ್ಯಾಮಣ್ಣ. ಬಸ್ ನಿಲ್ದಾಣದ ಹಿಂದೆ ಅವನ ಕಾರು ರಿಪೇರಿ ಶೆಡ್ಡು ಇದೆ. ಶನಿವಾರ ಮಧ್ಯಾಹ್ನ ಶೆಡ್ಡಿಗೆ ಬೀಗ ಹಾಕಿ ಮಠಕ್ಕೆ ಬರುತ್ತಾನೆ. ಗುರುಗಳ ಎದುರು ಕೂತು ಮಠದ ಅಡುಗೆಗೆ ಬೇಕಾದ ಏನಾದರೂ ಸಣ್ಣ ಕೆಲಸ ಮಾಡುತ್ತಾನೆ. ಮಾಡುತ್ತ ಮಾಡುತ್ತ ಒಂದು ಪ್ರಶ್ನೆ ಕೇಳುತ್ತಾನೆ. ಐದು ವರ್ಷದಿಂದ ಇದೇ ರೂಢಿ. ಆ ದಿನ ಇಬ್ಬರ ನಡುವೆ ಒಂದು ಮೊರದ ತುಂಬ ಹುಣಸೆಹಣ್ಣು ಇತ್ತು. ಬೀಜ ಬಿಡಿಸುತ್ತಿದ್ದರು.

"ಯಾವ ಮಾತು? ಅದನ್ನು ಹೇಳು ಮೊದಲು" ಎಂದರು ಗುರುಗಳು.

ದ್ಯಾಮಣ್ಣ ಹೇಳಿದ. ಅವನಿಗೆ ಇಬ್ಬರು ಗೆಳೆಯರು. ಪಾಲಾಕ್ಷ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯವನು, ಮದುವೆಯಾಗಲಿಲ್ಲ. ತಿಪ್ಪೇಶ ಭೂಮಾಪಕ. ಅವನ ಹೆಂಡತಿ ನಾಗವೇಣಿ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡಳು. ಮೂವರೂ ಒಂದೇ ಶಾಲೆಯಲ್ಲಿ ಓದಿದವರು. ಪ್ರತಿ ಯುಗಾದಿಗೆ ಇಬ್ಬರೂ ದ್ಯಾಮಣ್ಣನ ಮನೆಗೆ ಊಟಕ್ಕೆ ಬರುತ್ತಾರೆ. ಈ ಯುಗಾದಿಗೂ ಬಂದರು. ಪಾಲಾಕ್ಷ ಮೊದಲು ಬಾಗಿಲಿಗೆ ಬಂದ. ದ್ಯಾಮಣ್ಣ ಎಂದಿನಂತೆ, "ಬಾರಯ್ಯ ಬಾ, ನಿನ್ನ ಮನೆಯಲ್ಲಿ ಒಲೆ ಹಚ್ಚುವವರು ಯಾರಿದ್ದಾರೆ! ನಿನಗೂ ಒಂದು ಎಲೆ ಹಾಕಿಸಿದ್ದೇನೆ" ಎಂದ. ಪಾಲಾಕ್ಷ ಎಂದಿನಂತೆ ನಕ್ಕು ಒಳಗೆ ಬಂದ. ಅವನ ಹಿಂದೆ ತಿಪ್ಪೇಶ ಇದ್ದ. ಅವನು ಒಂದು ಚಪ್ಪಲಿ ಬಿಟ್ಟಿದ್ದ, ಇನ್ನೊಂದನ್ನು ಬಿಡುತ್ತಿದ್ದ. ಅದೇ ಮಾತು ದ್ಯಾಮಣ್ಣನ ಬಾಯಿಂದ ಇನ್ನೊಂದು ಸಲ ಬಂತು. ಆಡಿ ಮುಗಿಯುವವರೆಗೆ ಏನು ಆಡಿದೆನೆಂದು ಅವನಿಗೇ ತಿಳಿಯಲಿಲ್ಲ. ತಿಪ್ಪೇಶ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ. ಬಂದ ದಾರಿಯಲ್ಲೇ ಹೋದ.

"ಪಾಲಾಕ್ಷನಿಗೆ ಆ ಮಾತು ಹಳೆಯದೇ?"

"ಇಪ್ಪತ್ತು ವರ್ಷದ್ದು ಬುದ್ಧಿ. ಹಬ್ಬ ಹಬ್ಬಕ್ಕೂ ಅದೇ ಮಾತು, ಅದೇ ನಗು. ನಾನು ಆಡದೇ ಹೋದರೆ ಎಲೆಯಲ್ಲಿ ಉಪ್ಪು ಬಡಿಸದ ಹಾಗೆ."

"ಆಮೇಲೆ ಏನು ಮಾಡಿದೆ?"

"ಏನು ಮಾಡಲಿಲ್ಲ ಕೇಳಿ! ಅವತ್ತೇ ನನ್ನ ಹೆಂಡತಿ ಕೊಟ್ರಮ್ಮನ ಕೈಯಲ್ಲಿ ಹೋಳಿಗೆ ಕಳಿಸಿದೆ. ಡಬ್ಬಿ ತೊಳೆದು ವಾಪಸು ಕೊಟ್ಟ. ಫೋನು ಮಾಡಿದೆ, ಎತ್ತಲಿಲ್ಲ. ತಮಾಷೆಗೆ ಅಂದದ್ದು ಕಣಯ್ಯ ಅಂತ ಬರೆದು ಕಳಿಸಿದೆ. ಓದಿದ, ಉತ್ತರ ಕೊಡಲಿಲ್ಲ. ಪಾಲಾಕ್ಷನನ್ನೇ ಸಂಧಾನಕ್ಕೆ ಕಳಿಸಿದೆ. ಅವನು ಹೋಗಿ ಅರ್ಧ ಗಂಟೆ ಕೂತು ಕಾಫಿ ಕುಡಿದು ಬಂದ. ಮೂರು ವಾರ ಆಯಿತು. ಈಗ ತಿಪ್ಪೇಶನಿಗೆ ರಾಯಚೂರಿಗೆ ವರ್ಗವಾಗಿದೆ. ಸೋಮವಾರ ಬೆಳಿಗ್ಗೆ ಸಾಮಾನು ಹೊರಡುತ್ತದಂತೆ. ಮಾತಿಲ್ಲದೆ ಹೋಗಿಬಿಟ್ಟರೆ ಮತ್ತೆ ಸಿಗುವುದಿಲ್ಲ ಬುದ್ಧಿ, ನನಗೆ ಗೊತ್ತು ಅವನ ಸ್ವಭಾವ." ದ್ಯಾಮಣ್ಣ ಒಂದು ಬೀಜವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದ. "ಸಂಕಟವೇನೋ ಆಗುತ್ತದೆ. ಆದರೆ ಒಂದೊಂದು ಸಲ ಸಿಟ್ಟೂ ಬರುತ್ತದೆ. ಅದೇ ಮಾತಿಗೆ ಒಬ್ಬ ನಗುವುದಾದರೆ ಮಾತಿನಲ್ಲಿ ವಿಷ ಇಲ್ಲ ಅಂತ ಆಯಿತಲ್ಲ? ತಿಪ್ಪೇಶ ಈಗೀಗ ಬಹಳ ಸೂಕ್ಷ್ಮ. ಮುಟ್ಟಿದರೆ ಮುನಿಸು."

ಗುರುಗಳು ಹಣ್ಣಿನ ಇನ್ನೊಂದು ಹಿಡಿ ತೆಗೆದುಕೊಂಡರು.

ಕೇಳುವವನ ಕಸುಬಿನಿಂದಲೇ ಕತೆ ತೆಗೆಯುವುದು ಗುರುಗಳ ಪದ್ಧತಿ. ಕಂಬಳಿ ನೇಯುವವನು ಕೇಳಿದರೆ ಮಗ್ಗದ ಕತೆ, ಕುಂಬಾರ ಕೇಳಿದರೆ ಆವಿಗೆಯ ಕತೆ. ದ್ಯಾಮಣ್ಣನಿಗೆ ಮಾತ್ರ ಒಂದೇ ಒಂದು ಕಾರಿನ ಕತೆ ಬೇಕು. ಹರೆಯದ ವಯಸ್ಸಿನಲ್ಲಿ ಅವನು ಬೆಂಗಳೂರಿನ ಒಂದು ರೇಸಿನ ಕಾರುಗಳ ಶೆಡ್ಡಿನಲ್ಲಿ ಕೆಲಸ ಮಾಡಿದ್ದ. ಅಲ್ಲಿಗೆ ಪರದೇಶದ ಒಂದು ಕಾರು ಬರುತ್ತಿತ್ತು. ರೋಟರಿ ಎಂಜಿನ್ನು, ಅದರ ಮೇಲೆ ಟರ್ಬೊ. ಊರಿಗೆ ಬಂದ ಮೇಲೆ ಅಂಥ ಇನ್ನೊಂದು ಕಾರು ಅವನ ಕಣ್ಣಿಗೆ ಬೀಳಲಿಲ್ಲ. ಆದ್ದರಿಂದ ಅದರ ಬಗ್ಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕೊನೆಯವರೆಗೆ ಕೇಳುವ ತಾಳ್ಮೆ ಇದ್ದದ್ದು ಗುರುಗಳೊಬ್ಬರಿಗೇ.

"ನಿನ್ನ ಆ ಕಾರಿನದೇ ಒಂದು ಕತೆ ಇದೆ, ಕೇಳುತ್ತೀಯಾ?" ಎಂದರು ಗುರುಗಳು.

ದ್ಯಾಮಣ್ಣ ಮೊರವನ್ನು ಪಕ್ಕಕ್ಕೆ ಸರಿಸಿ ಹತ್ತಿರ ಕೂತ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೆಲಸದಲ್ಲಿ ಪಳಗಿದವನು. ಅದೇ ಊರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಳು. ವಾರದಲ್ಲಿ ಆರು ದಿನ ಹಲ್ಲು ಕೀಳುತ್ತಿದ್ದಳು, ಏಳನೆಯ ದಿನ ಸ್ಪೋರ್ಟ್ಸ್ ಕಾರು ಓಡಿಸುತ್ತಿದ್ದಳು. ಆ ಕಾರಿನ ಎಂಜಿನ್ನು ಎಲ್ಲ ಎಂಜಿನ್ನುಗಳಂತಲ್ಲ. ಅದರಲ್ಲಿ ಮೇಲೆ ಕೆಳಗೆ ಹೋಗುವ ಪಿಸ್ಟನ್ ಇಲ್ಲ. ಮೂರು ಮೂಲೆಯ ಎರಡು ರೋಟರುಗಳು, ಮುಂದೊಂದು ಹಿಂದೊಂದು, ತಮ್ಮ ತಮ್ಮ ಗೂಡಿನಲ್ಲಿ ಸುತ್ತುತ್ತವೆ. ಒಂದೊಂದು ಗೂಡಿಗೆ ಎರಡೆರಡು ಪ್ಲಗ್ಗು. ಕೆಳಗೊಂದು, ಮೇಲೊಂದು. ಕೆಳಗಿನದು ಮೊದಲು ಕಿಡಿ ಕೊಡುತ್ತದೆ, ಕಣ್ಣು ಮಿಟುಕಿಸುವುದರ ಒಳಗೆ ಮೇಲಿನದು ಕೊಡುತ್ತದೆ. ಹೀಗೆ ನಾಲ್ಕು ಪ್ಲಗ್ಗು. ನಾಲ್ಕಕ್ಕೂ ಕಿಡಿ ತಂದುಕೊಡುವ ನಾಲ್ಕು ತಂತಿ.

"ವೈರು ಅನ್ನಿ ಬುದ್ಧಿ. ತಂತಿ ಅಂದರೆ ಬಟ್ಟೆ ಒಣಗಿಸುವುದು ನೆನಪಾಗುತ್ತದೆ."

"ನಿನ್ನ ಬಾಯಲ್ಲಿ ವೈರು, ನನ್ನ ಬಾಯಲ್ಲಿ ತಂತಿ. ಕರೆಂಟು ಎರಡರಲ್ಲೂ ಹೋಗುತ್ತದೆ. ಮುಂದೆ ಹೇಳಲೋ ಬೇಡವೋ?"

"ಹೇಳಿ ಹೇಳಿ."

ಆ ಎಂಜಿನ್ನಿಗೆ ಒಂದು ಟರ್ಬೊ ಇತ್ತು. ಎಂಜಿನ್ನು ಬಿಟ್ಟ ಹೊಗೆಯ ರಭಸದಲ್ಲೇ ತಿರುಗಿ, ಅದೇ ಎಂಜಿನ್ನಿಗೆ ಗಾಳಿ ತುರುಕುವ ಯಂತ್ರ ಅದು. ಕಾಲು ಒತ್ತಿದಷ್ಟೂ ಗಾಳಿ ಹೆಚ್ಚು. ಗಾಳಿ ಹೆಚ್ಚಿದಷ್ಟೂ ಒಳಗೆ ಒತ್ತಡ ಹೆಚ್ಚು.

"ಎಲ್ಲ ನೆನಪಿದೆಯಲ್ಲ ಬುದ್ಧಿ ನಿಮಗೆ!"

"ಐದು ವರ್ಷ ಹೇಳಿದ್ದೀಯ. ಈ ಮಠದ ಕಂಬಕ್ಕೂ ಗೊತ್ತು."

ಬೆಟ್ಟ ಹತ್ತುವ ರೇಸಿಗೆ ಎಂಟು ದಿನ ಉಳಿದಿತ್ತು. ಡಾಕ್ಟರಮ್ಮ ಕಾರನ್ನು ಮೆಕ್ಯಾನಿಕ್ಕಿನ ಶೆಡ್ಡಿಗೆ ತಂದು ಬಿಟ್ಟಳು. ಎಲ್ಲ ನೋಡಿ ಸಿದ್ಧ ಮಾಡಿಕೊಡಿ ಎಂದಳು. ಅವನು ಎಣ್ಣೆ ಬದಲಿಸಿದ. ನಾಲ್ಕು ಹೊಸ ಪ್ಲಗ್ಗು ಹಾಕಿದ. ತಂತಿಗಳು ಹಳೆಯವಾಗಿ ಬಿರುಕು ಬಿಟ್ಟಿದ್ದವು. ಅವನ್ನು ಎಸೆದು ನಾಲ್ಕು ಹೊಸ ತಂತಿ ಹಾಕಿದ. ಒರೆಸಿ ಕಳಿಸಿದ.

ಮರುದಿನ ಡಾಕ್ಟರಮ್ಮ ಕಾರು ತೆಗೆದುಕೊಂಡು ವಾಪಸು ಬಂದಳು.

"ಮೇಸ್ತ್ರಿ, ನನ್ನ ಕಾರಿಗೆ ಬಿಕ್ಕಳಿಕೆ ಹಿಡಿದಿದೆ" ಎಂದಳು. "ನಿಂತಾಗ ಒಂದಿಷ್ಟು ನಡುಗುತ್ತದೆ. ಮೆಲ್ಲಗೆ ಹೋದರೆ ಹೇಗೋ ತಡೆದುಕೊಂಡು ಹೋಗುತ್ತದೆ. ಕಾಲು ಒತ್ತಿ ಟರ್ಬೊ ಗಾಳಿ ತುಂಬುವ ಹೊತ್ತಿಗೆ ಢಬ್ ಢಬ್ ಎಂದು ಬಡಿದು ಮುಗ್ಗರಿಸುತ್ತದೆ. ಹೆದರಿ ಕಾಲು ತೆಗೆದೆ."

"ಮಿಸ್ಸಿಂಗ್" ಎಂದ ದ್ಯಾಮಣ್ಣ, ಕತೆಯೊಳಗಿನ ಮೆಕ್ಯಾನಿಕ್ಕಿಗಿಂತ ಮೊದಲು. "ಒತ್ತಡ ಹೆಚ್ಚಿದಾಗ ಕಿಡಿ ಹಾರುವುದು ಕಷ್ಟ ಬುದ್ಧಿ. ಬಿರುಗಾಳಿಯಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ. ಮೊದಲು ಪ್ಲಗ್ಗಿನ ಗ್ಯಾಪು ನೋಡಬೇಕು. ಗ್ಯಾಪು ಅಗಲವಾಗಿದ್ದರೆ ಕಿಡಿ ಆರಿಹೋಗುತ್ತದೆ."

"ಅವನೂ ಹಾಗೇ ಎಣಿಸಿದ" ಎಂದರು ಗುರುಗಳು.

ಮೆಕ್ಯಾನಿಕ್ ನಾಲ್ಕೂ ತಂತಿ ಕಿತ್ತ. ಪ್ಲಗ್ಗು ಬಿಚ್ಚಿದ. ಗ್ಯಾಪನ್ನು ಕೂದಲೆಳೆಯಷ್ಟು ಕಡಿಮೆ ಮಾಡಿದ. ಪ್ಲಗ್ಗು ಹಾಕಿ ನಾಲ್ಕೂ ತಂತಿ ಸಿಕ್ಕಿಸಿದ. ಬಿಕ್ಕಳಿಕೆ ಹೋಗಲಿಲ್ಲ.

ಮರುದಿನ ನಾಲ್ಕೂ ತಂತಿ ಕಿತ್ತ. ಕಿಡಿ ಹುಟ್ಟಿಸುವ ಕಾಯಿಲುಗಳನ್ನು ಬಿಚ್ಚಿದ. ಬೇರೆ ಊರಿನ ಗೆಳೆಯನಿಂದ ಒಳ್ಳೆಯ ಕಾಯಿಲುಗಳನ್ನು ತರಿಸಿ ಹಾಕಿದ. ನಾಲ್ಕೂ ತಂತಿ ಸಿಕ್ಕಿಸಿದ. ಬಿಕ್ಕಳಿಕೆ ಹೋಗಲಿಲ್ಲ.

ಅದರ ಮರುದಿನ ಬ್ಯಾಟರಿ ಬದಲಿಸಿದ. ಅರ್ತಿಂಗ್ ಕೂರುವ ಜಾಗವನ್ನು ಉಜ್ಜಿ ಹೊಳೆಯುವಂತೆ ಮಾಡಿದ. ಪೆಟ್ರೋಲ್ ಪಂಪು ನೋಡಿದ. ಗಾಳಿ ಸೋರುತ್ತದೆಯೇ ಎಂದು ಟರ್ಬೊದ ಕೊಳವೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದ. ಎಲ್ಲ ಸರಿಯಾಗಿತ್ತು. ಬಿಕ್ಕಳಿಕೆಯೂ ಸರಿಯಾಗಿಯೇ ಇತ್ತು.

ಡಾಕ್ಟರಮ್ಮ ದಿನವೂ ಸಂಜೆ ಬಂದು ನಿಲ್ಲುತ್ತಿದ್ದಳು.

"ಮೇಸ್ತ್ರಿ, ನನ್ನ ಹತ್ತಿರ ಹಲ್ಲು ನೋವು ಎಂದು ಬಂದವರಿಗೆ ನಾನು ಮೊದಲು ಬಾಯಿ ತೆಗೆಸುತ್ತೇನೆ. ನೀವು ಮೂಗು ಬದಲಿಸಿದಿರಿ, ಕಿವಿ ಬದಲಿಸಿದಿರಿ, ಈಗ ಮೊಣಕಾಲಿಗೆ ಬಂದಿದ್ದೀರಿ."

"ನಿಮ್ಮವರು ಎಲ್ಲಿ ನೋವು ಎಂದು ಹೇಳುತ್ತಾರೆ ಅಮ್ಮ. ಇದು ಬರೀ ಕೆಮ್ಮುತ್ತದೆ."

"ನನ್ನವರ ಬಾಯಲ್ಲಿ ನನ್ನ ಎರಡು ಕೈ ಇರುತ್ತವೆ. ಅವರು ಏನು ಹೇಳುತ್ತಾರೆ? ನಾನೇ ನೋಡಿ ತಿಳಿಯಬೇಕು."

ಐದನೆಯ ದಿನ ಮೆಕ್ಯಾನಿಕ್ ಸುತ್ತಿಗೆ ಕೆಳಗಿಟ್ಟ. "ಅಮ್ಮ, ತಪ್ಪು ತಿಳಿಯಬೇಡಿ" ಎಂದ. "ಈ ಎಂಜಿನ್ನಿನ ಜಾತಿಯೇ ಸೂಕ್ಷ್ಮ. ಮುಟ್ಟಿದರೆ ಮುನಿಸು. ನಾವು ಏನು ಮಾಡಿದರೂ ಅಷ್ಟೇ."

ದ್ಯಾಮಣ್ಣನಿಗೆ ತಡೆಯಲಾಗಲಿಲ್ಲ. "ಅವನೂ ಒಬ್ಬ ಮೆಕ್ಯಾನಿಕ್ಕಾ ಬುದ್ಧಿ! ತನಗೆ ತಿಳಿಯದ್ದಕ್ಕೆ ಎಂಜಿನ್ನಿನ ಮೇಲೆ ಗೂಬೆ ಕೂರಿಸುತ್ತಾನಲ್ಲ! ನನ್ನ ಶೆಡ್ಡಿನಲ್ಲಿ ಈ ಮಾತು ಆಡಿದ್ದರೆ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನ ಕಸಿದುಕೊಂಡು ಆಚೆ ಕಳಿಸುತ್ತಿದ್ದೆ."

"ಹಾಗೆಯೇ?" ಎಂದರು ಗುರುಗಳು. ಹಣ್ಣಿನ ನಾರು ತೆಗೆದು ಪಕ್ಕಕ್ಕಿಟ್ಟರು. "ಹಾಗಾದರೆ ನೀನೇ ನೋಡು. ಕಾರು ಎದುರಿಗಿದೆ ಎಂದುಕೋ."

ದ್ಯಾಮಣ್ಣ ಕಣ್ಣು ಮುಚ್ಚಿದ. ಬಾನೆಟ್ಟು ಎತ್ತುವವನಂತೆ ಕೈ ಎತ್ತಿದ. ಎರಡು ಕ್ಷಣದ ಮಟ್ಟಿಗೆ ಅವನಿಗೆ ತಿಪ್ಪೇಶನೂ ಇಲ್ಲ, ಸೋಮವಾರವೂ ಇಲ್ಲ.

"ಈ ಮಿಸ್ಸಿಂಗ್ ಶುರುವಾದದ್ದು ಸರ್ವಿಸಿಗೆ ಮೊದಲೋ ಆಮೇಲೋ?"

"ಆಮೇಲೆ. ಅದಕ್ಕೆ ಮುಂಚೆ ಕುದುರೆಯ ಹಾಗೆ ಓಡುತ್ತಿತ್ತು."

"ಆಮೇಲೆ ಅಂದರೆ ಕೊನೆಗೆ ಕೈ ಹಾಕಿದ ಜಾಗದಲ್ಲೇ ಇದೆ. ಇವನು ಕೈ ಹಾಕದ ಜಾಗಗಳಲ್ಲೆಲ್ಲ ಹುಡುಕಿದ್ದಾನೆ. ಎಣ್ಣೆಯಿಂದ ಹೀಗಾಗುವುದಿಲ್ಲ. ಪ್ಲಗ್ಗು ನೋಡಿ ಆಯಿತು. ಉಳಿದದ್ದು..." ದ್ಯಾಮಣ್ಣ ಕಣ್ಣು ತೆರೆದ. "ಹೊಸ ತಂತಿಗಳ ಬಣ್ಣ ಯಾವುದು?"

"ನೀಲಿ. ನಾಲ್ಕೂ ನೀಲಿ."

"ಅವುಗಳ ಮೇಲೆ ನಂಬರು ಇತ್ತೇ?"

"ಹಳೆಯದರ ಮೇಲೆ ಇತ್ತು. ಹೊಸದರ ಮೇಲೆ ಇರಲಿಲ್ಲ."

"ಅಯ್ಯೋ ಬುದ್ಧಿ!" ದ್ಯಾಮಣ್ಣ ತೊಡೆ ತಟ್ಟಿದ. ಹುಣಸೆಬೀಜ ಚೆಲ್ಲಿದವು. "ಮೇಲಿನ ಎರಡು ತಂತಿ ಅದಲುಬದಲಾಗಿವೆ! ಮುಂದಿನದು ಹಿಂದಕ್ಕೆ ಹೋಗಿದೆ, ಹಿಂದಿನದು ಮುಂದಕ್ಕೆ. ಆ ಅಮ್ಮನಿಗೆ ಕಾರು ನಿಲ್ಲಿಸಲು ಹೇಳಿ ಮೊದಲು! ಹೊಸ ಗಾಳಿ, ಪೆಟ್ರೋಲು ಇನ್ನೂ ಒಳಗೆ ಬರುತ್ತಿರುವಾಗಲೇ ಮೇಲಿನ ಪ್ಲಗ್ಗು ಕಿಡಿ ಕೊಡುತ್ತಿದೆ. ಮೆಲ್ಲಗೆ ಹೋದಾಗ ಬರೀ ನಡುಕ. ಟರ್ಬೊ ತುಂಬಿದಾಗ ಸುತ್ತಿಗೆಯ ಪೆಟ್ಟು. ರೋಟರಿನ ಮೂಲೆಯ ಸೀಲು ಒಡೆದರೆ ಎಂಜಿನ್ನೇ ಮುಗಿಯಿತು!"

"ಗಾಬರಿಯಾಗಬೇಡ. ಕತೆಯಲ್ಲಿ ಅವಳು ಇನ್ನೂ ಮನೆಯಲ್ಲಿದ್ದಾಳೆ."

"ಬಿಕ್ಕಳಿಸಿದಾಗ ಹೆದರಿ ಕಾಲು ತೆಗೆದಳು ಅಂದಿರಲ್ಲ, ಅದರಿಂದ ಉಳಿಯಿತು. ಜಾಣೆ."

"ಇರಲಿ. ಈಗ ನನಗೊಂದು ಸಂದೇಹ" ಎಂದರು ಗುರುಗಳು. "ಈ ಮೆಕ್ಯಾನಿಕ್ ಹೊಸಬನಲ್ಲ, ದಡ್ಡನಲ್ಲ. ಐದು ದಿನದಲ್ಲಿ ಎಷ್ಟೋ ಸಲ ನಾಲ್ಕೂ ತಂತಿ ಕಿತ್ತ, ಎಷ್ಟೋ ಸಲ ನಾಲ್ಕೂ ತಂತಿ ಸಿಕ್ಕಿಸಿದ. ಒಂದು ಸಲವೂ ಅವನಿಗೆ ಏಕೆ ಕಾಣಲಿಲ್ಲ?"

ದ್ಯಾಮಣ್ಣ ನಕ್ಕ. ಅವನಿಗೆ ಇದು ಗೊತ್ತಿದ್ದ ವಿಷಯ. ಗೊತ್ತಿದ್ದವನ ಸಂತೋಷ ಅವನ ಮುಖದ ಮೇಲೆ ಬಂತು.

"ಕೆಳಗಿನ ತಂತಿಗಳಿಂದ, ಬುದ್ಧಿ."

"ಅವು ಏನು ಮಾಡಿದವು?"

"ಏನೂ ಮಾಡುವುದಿಲ್ಲ, ಅದೇ ತೊಂದರೆ. ಕೆಳಗಿನ ಎರಡು ಪ್ಲಗ್ಗಿಗೂ ಕಿಡಿ ಕೊಡುವುದು ಒಂದೇ ಕಾಯಿಲು. ಎರಡೂ ಒಟ್ಟಿಗೇ ಕಿಡಿ ಕೊಡುತ್ತವೆ. ಒಂದು ಗೂಡಿನಲ್ಲಿ ಕಿಡಿ ಕೆಲಸಕ್ಕೆ ಬರುತ್ತದೆ, ಇನ್ನೊಂದರಲ್ಲಿ ಸುಮ್ಮನೆ ಬಂದು ಹೋಗುತ್ತದೆ. ಆದ್ದರಿಂದ ಕೆಳಗಿನ ತಂತಿಗಳನ್ನು ಹೇಗೆ ಹಾಕಿದರೂ ಕಾರು ಓಡುತ್ತದೆ. ಅತ್ತಿತ್ತ ಮಾಡಿ ಹಾಕಿ, ಓಡುತ್ತದೆ. ಕತ್ತಲಲ್ಲಿ ಹಾಕಿ, ಓಡುತ್ತದೆ. ನಾವು ಕೆಲಸ ಕಲಿಯುವಾಗಲೇ ಹೇಳಿಬಿಡುತ್ತಾರೆ, ಕೆಳಗಿನದಕ್ಕೆ ತಲೆ ಕೆಡಿಸಿಕೊಳ್ಳಬೇಡ ಅಂತ. ಮೇಲಿನವು ಹಾಗಲ್ಲ. ಅವಕ್ಕೆ ಬೇರೆ ಬೇರೆ ಕಾಯಿಲು, ಬೇರೆ ಬೇರೆ ಸಮಯ."

"ಅದು ಎಲ್ಲರಿಗೂ ಗೊತ್ತಲ್ಲ?"

"ತಲೆಗೆ ಗೊತ್ತು ಬುದ್ಧಿ. ಕೈಗೆ ಗೊತ್ತಿಲ್ಲ. ಹಳೆಯ ತಂತಿ ಇದ್ದಷ್ಟು ದಿನ ನಂಬರು ಇತ್ತು, ಕೈ ತಪ್ಪಲಿಲ್ಲ. ನಂಬರು ಹೋದ ದಿನ ಕೈ ತನಗೆ ಅಭ್ಯಾಸವಿದ್ದ ಹಾಗೆ ಮಾಡಿತು. ಮೊದಲು ಕೆಳಗಿನ ಎರಡನ್ನು ನೋಡದೆ ಹಾಕಿತು. ಅದೇ ಭರದಲ್ಲಿ ಮೇಲಿನ ಎರಡನ್ನೂ ನೋಡದೆ ಹಾಕಿತು. ಹೊಸ ತಂತಿ ಒಂದು ಸಲ ಬಾಗಿದರೆ ಅದೇ ಬಾಗು ಉಳಿಯುತ್ತದೆ. ಎಷ್ಟು ಸಲ ಕಿತ್ತರೂ ಅದೇ ಜಾಗಕ್ಕೆ ಹೋಗಿ ಕೂರುತ್ತದೆ. ಪಾಪ, ಅವನು ಐದು ದಿನ ರೋಗ ಹುಡುಕಿದ, ಪ್ರತಿ ಸಲ ಹುಡುಕಿ ಮುಗಿದ ಮೇಲೆ ತಾನೇ ರೋಗವನ್ನು ವಾಪಸು ಸಿಕ್ಕಿಸಿದ."

"ನೀನು ಒಳ್ಳೆಯ ಮೆಕ್ಯಾನಿಕ್ ಕಣಯ್ಯ" ಎಂದರು ಗುರುಗಳು. ದ್ಯಾಮಣ್ಣನಿಗೆ ಬಹಳ ಖುಷಿಯಾಯಿತು.

ಗುರುಗಳು ಕತೆಯನ್ನು ಮುಂದುವರಿಸಿದರು.

ರೇಸಿನ ದಿನ ಬಂತು. ಬಿಕ್ಕಳಿಕೆ ಇದ್ದ ಹಾಗೇ ಕಾರನ್ನು ಲಾರಿಯ ಮೇಲೆ ಹೇರಿ ಬೆಟ್ಟದ ಬುಡಕ್ಕೆ ತಂದರು. ಬೆಳಗಿನ ಎಂಟು ಗಂಟೆ. ಡಾಕ್ಟರಮ್ಮ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಅವನಿಗೆ ಹೊಸದಾಗಿ ನೋಡಲು ಏನೂ ಉಳಿದಿರಲಿಲ್ಲ. ಆದರೂ ನೋಡುತ್ತಿದ್ದ. ಅವಳೂ ಬಗ್ಗಿ ನೋಡಿದಳು.

"ಮೇಸ್ತ್ರಿ, ನಾಲ್ಕೂ ಒಂದೇ ಬಣ್ಣ" ಎಂದಳು. "ಯಾವುದು ಎಲ್ಲಿಗೆ ಹೋಗಬೇಕೆಂದು ನಿಮಗೆ ಹೇಗೆ ತಿಳಿಯುತ್ತದೆ?"

"ಅದಕ್ಕೇನು ಅಮ್ಮ, ಯಾವುದನ್ನು ಎಲ್ಲಿಗೆ ಹಾಕಿದರೂ..." ಎಂದು ಮೆಕ್ಯಾನಿಕ್ ಶುರು ಮಾಡಿದ. ಮುಗಿಸಲಿಲ್ಲ. ತನ್ನ ಬಾಯಿಂದ ಬಂದ ಮಾತನ್ನು ತಾನೇ ಕೇಳಿಸಿಕೊಂಡ.

ಮೇಲಿನ ಒಂದು ಕಾಯಿಲಿನ ಮೇಲೆ ಬೆರಳಿಟ್ಟ. ತಂತಿಯನ್ನು ಬಿಡದೆ, ಬೆರಳು ಎತ್ತದೆ, ಅದರ ಇನ್ನೊಂದು ತುದಿಯವರೆಗೆ ಹೋದ. ಬೆರಳು ಹೋಗಬಾರದ ಕಡೆ ಹೋಗಿ ನಿಂತಿತು. ಎರಡು ತಂತಿ ಕಿತ್ತ, ಎರಡು ತಂತಿ ಸಿಕ್ಕಿಸಿದ. ಐದು ದಿನದ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು.

"ಏನಿತ್ತು?" ಎಂದಳು ಡಾಕ್ಟರಮ್ಮ.

"ನಾನಿದ್ದೆ" ಎಂದ ಮೆಕ್ಯಾನಿಕ್.

ಅವಳು ಬೆಟ್ಟ ಹತ್ತಿದಳು. ಮೆಕ್ಯಾನಿಕ್ ಬುಡದಲ್ಲಿ ನಿಂತು ಕೇಳುತ್ತಿದ್ದ. ಮೊದಲ ತಿರುವು ಕೇಳಿಸಿತು, ಎರಡನೆಯದು ಕೇಳಿಸಿತು. ತುದಿಯವರೆಗೆ ಒಂದು ಬಿಕ್ಕಳಿಕೆಯೂ ಕೇಳಿಸಲಿಲ್ಲ.

"ಗೆದ್ದಳಾ?"

"ಹನ್ನೊಂದನೆಯವಳಾಗಿ ಬಂದಳು."

"ಅಷ್ಟೇನಾ!"

"ಕಾರಿನಿಂದ ಇಳಿದಾಗ ಮೂವತ್ತೆರಡು ಹಲ್ಲೂ ಕಾಣುತ್ತಿದ್ದವಂತೆ. ಹಲ್ಲಿನ ಡಾಕ್ಟರಿಗೆ ಇನ್ನೇನು ಬೇಕು?"

ದ್ಯಾಮಣ್ಣ ಗಟ್ಟಿಯಾಗಿ ನಕ್ಕ. ಗುರುಗಳೂ ನಕ್ಕರು. ನಗು ನಿಂತ ಮೇಲೆ ಗುರುಗಳು ಕೇಳಿದರು.

"ಈಗ ಹೇಳು. ಒಂದೇ ಕೈ ನಾಲ್ಕು ತಂತಿ ಹಾಕಿತು. ಕೆಳಗಿನ ಎರಡು ಒಪ್ಪಿಕೊಂಡವು, ಮೇಲಿನ ಎರಡು ಒಪ್ಪಲಿಲ್ಲ. ಹಾಕಿದ ಕೈ ಒಂದೇ ಆದ ಮೇಲೆ ತಪ್ಪು ಕೈಯದೋ, ಮೇಲಿನ ತಂತಿಯದೋ?"

"ಇದೊಂದು ಪ್ರಶ್ನೆಯೇ ಬುದ್ಧಿ? ಮೇಲಿನ ತಂತಿ ಏನು ತಪ್ಪು ಮಾಡಿತು? ಅದು ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಟರ್ಬೊದ ಒತ್ತಡ ಇಲ್ಲದೇ ಹೋಗಿದ್ದರೆ ಅದೂ ನಡುಗಿಕೊಂಡು ಹೇಗೋ ಸಹಿಸಿಕೊಳ್ಳುತ್ತಿತ್ತು. ಅಷ್ಟು ಒತ್ತಡದಲ್ಲಿ ಇರುವುದರ ಮೇಲೆ ಕೈ ಇಡುವಾಗ ನೋಡಿ ಇಡಬೇಕು. ತಪ್ಪು ಪೂರ್ತಿ ಕೈಯದು. ಕೆಳಗಿನವು ಇಪ್ಪತ್ತು ವರ್ಷ ಏನು ಮಾಡಿದರೂ ಸುಮ್ಮನಿದ್ದವು ಅಂತ..."

"ಎಷ್ಟು ವರ್ಷ ಎಂದು ಕತೆಯಲ್ಲಿ ನಾನು ಹೇಳಲಿಲ್ಲವಲ್ಲ" ಎಂದರು ಗುರುಗಳು.

ದ್ಯಾಮಣ್ಣ ಕೈಯಲ್ಲಿದ್ದ ಹುಣಸೆಹಣ್ಣನ್ನು ನೋಡಿದ. ಯುಗಾದಿಯ ದಿನದ ಬಾಗಿಲು ಅವನ ಕಣ್ಣ ಮುಂದೆ ಬಂತು. ತಿಪ್ಪೇಶನ ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅದು ನಾಗವೇಣಿ ಇಲ್ಲದ ಮೊದಲ ಯುಗಾದಿ. ಆ ಮನೆಯಲ್ಲಿ ಆ ದಿನ ನಿಜವಾಗಿಯೂ ಒಲೆ ಹಚ್ಚಿರಲಿಲ್ಲ. ಬೆಳಗಿನಿಂದ ಹೊಟ್ಟೆಯೊಳಗೆ ಅಷ್ಟನ್ನು ಒತ್ತಿ ಹಿಡಿದುಕೊಂಡು, ಗೆಳೆಯನ ಮನೆ ಎಂದು ಬಂದಿದ್ದ. ಬಾಗಿಲಲ್ಲಿ ಅವನಿಗೆ ಸಿಕ್ಕಿದ್ದು ಅದು.

ಮತ್ತೆ ತಾನು ಮೂರು ವಾರ ಮಾಡಿದ್ದೇನು? ಹೋಳಿಗೆ ಕಳಿಸಿದ್ದ, ಹೆಂಡತಿಯನ್ನು ಕಳಿಸಿದ್ದ, ಪಾಲಾಕ್ಷನನ್ನು ಕಳಿಸಿದ್ದ. ಪ್ರತಿ ಸಲವೂ ಕೊನೆಗೆ, ತಮಾಷೆಗೆ ಅಂದದ್ದು ಎಂಬ ಅದೇ ಮಾತನ್ನು ವಾಪಸು ಸಿಕ್ಕಿಸಿದ್ದ.

ದ್ಯಾಮಣ್ಣನಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

"ನೀವು ನನ್ನನ್ನೇ ಬಾನೆಟ್ಟು ಎತ್ತಿ ನೋಡಿಬಿಟ್ಟಿರಿ ಬುದ್ಧಿ" ಎಂದ.

"ಎತ್ತಿದವನು ನೀನು. ನಾನು ಹುಣಸೆಬೀಜ ಬಿಡಿಸುತ್ತಿದ್ದೆ."

ದ್ಯಾಮಣ್ಣ ಎದ್ದ. ಪಂಚೆಗೆ ಅಂಟಿದ ಹುಣಸೆ ಸಿಪ್ಪೆಯನ್ನು ಕೊಡವಿದ. ಮೂರು ವಾರದ ಭಾರ ಇಳಿದವನಂತೆ ಕಂಡ.

"ಈಗಲೇ ತಿಪ್ಪೇಶನ ಮನೆಗೆ ಹೋಗುತ್ತೇನೆ. ಯಾರನ್ನೂ ಕಳಿಸುವುದಿಲ್ಲ, ನಾನೇ ಹೋಗುತ್ತೇನೆ. ತಮಾಷೆ ಗಿಮಾಷೆ ಅನ್ನುವುದಿಲ್ಲ. ಏನಿತ್ತು ಅಂತ ಕೇಳಿದರೆ, ನಾನಿದ್ದೆ ಅನ್ನುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಆಮೇಲೆ ಅವನ ಸಾಮಾನು ಕಟ್ಟಲು ಕೂರುತ್ತೇನೆ. ಅವನಿಗೆ ಒಂದು ಗಂಟು ಬಿಗಿಯಾಗಿ ಹಾಕಲು ಬರುವುದಿಲ್ಲ." ಮೆಟ್ಟಿಲು ಇಳಿದು ಚಪ್ಪಲಿ ಮೆಟ್ಟಿಕೊಂಡ. ಅಲ್ಲಿಂದಲೇ ಹೇಳಿದ. "ಇನ್ನು ಮೇಲೆ ಇಬ್ಬರಿಗೂ ಮನಸ್ಸಿನಲ್ಲೇ ನಂಬರು ಅಂಟಿಸಿಕೊಳ್ಳುತ್ತೇನೆ ಬುದ್ಧಿ. ತಿಪ್ಪೇಶ ಮೇಲಿನವನು, ಅವನ ಹತ್ತಿರ ಮಾತು ನೋಡಿ ಆಡಬೇಕು. ಪಾಲಾಕ್ಷನ ಚಿಂತೆಯಿಲ್ಲ. ಅವನು ಕೆಳಗಿನವನು, ಅವನಿಗೆ ಹೇಗೆ ಅಂದರೂ ನಡೆಯುತ್ತದೆ."

ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಅವನನ್ನು ಕರೆದು ಹೇಳಿದರು.

"ಮೊದಲು ಪಾಲಾಕ್ಷನ ಮನೆಗೆ ಹೋಗು ದ್ಯಾಮಣ್ಣ, ಇಪ್ಪತ್ತು ವರ್ಷ ನಕ್ಕರೂ ಅವನು ತಂತಿಯಲ್ಲ."